ಅಪ್ಪನ ಹಲ್ಲು, ಅಜ್ಜಿಯ ಲೋಟ

ಟ್ಯಾಕ್ಸಿ ರಸ್ತೆಯ ತಿರುವು ದಾಟುವವರೆಗೂ ಅವನು ಹಿಂದಿನ ಗಾಜಿನೊಳಗಿಂದ ಕೈ ಬೀಸುತ್ತಲೇ ಇದ್ದ. ಮನೆಯೊಡತಿ ಅಜ್ಜಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದನ್ನು ತಲೆಯ ಮೇಲೆತ್ತಿ ಆಡಿಸುತ್ತ, ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿಯಲ್ಲೇ ರಸ್ತೆಯ ನಡುವಿಗೆ ಓಡಿಬಂದಿದ್ದಳು. ಎಪ್ಪತ್ತೆಂಟರ ಜೀವ. ಹಾಲಿನ ಗಾಡಿಯವನು ಬ್ರೇಕು ಹಾಕಿ ಬೈದದ್ದು ಕೂಡ ಅವಳಿಗೆ ಕೇಳಿಸಿದಂತಿರಲಿಲ್ಲ. ತನಗಾಗಿ ಹೀಗೆ ಓಡಿದವರು ಈ ಜನ್ಮದಲ್ಲಿ ಯಾರಿದ್ದಾರೆ ಎಂದು ಅವನು ನೆನಪು ಮಾಡಿಕೊಂಡ. ಶಾಲೆಯಲ್ಲೊಮ್ಮೆ ಬೆತ್ತ ಹಿಡಿದು ಅಟ್ಟಿಸಿಕೊಂಡು ಬಂದ ಡ್ರಿಲ್ ಮೇಷ್ಟ್ರನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಣ್ಣು ತುಂಬಿಕೊಂಡವು. ತುಂಬಿಕೊಂಡದ್ದು ತಿಳಿದ ಕೂಡಲೇ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಹೊರಡುವ ದಿನ ಅಳು ಬರದೇ ಹೋದರೆ ಏನು ಗತಿ ಎಂದು ಅವನು ಒಂದು ವಾರದಿಂದ ಹೆದರಿದ್ದ. ವಿದಾಯದ ಮಾತನ್ನು ಬಚ್ಚಲುಮನೆಯ ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದ: ಎರಡು ವರ್ಷ ನನ್ನನ್ನು ಮಗನ ಹಾಗೆ ನೋಡಿಕೊಂಡಿರಿ, ಈ ಅಡುಗೆಮನೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ, ಇತ್ಯಾದಿ. ಬೆಳಗ್ಗೆ ಅದನ್ನು ಶುರು ಮಾಡಿದ್ದೇ ತಡ, ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ತಲೆಯಾಡಿಸತೊಡಗಿದಳು. ಕಪಾಟು ತೆರೆದಳು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಬಗ್ಗಿ ನೋಡಿದಳು, ಕೊನೆಗೆ ಅವನ ಕೈಚೀಲಕ್ಕೇ ಜೋತುಬಿದ್ದಳು. ದುಃಖ ಬಂದಾಗ ಕೈ ಸುಮ್ಮನಿರುವುದಿಲ್ಲ ಎಂದು ಅರ್ಥಮಾಡಿಕೊಂಡು ಅವನು ಆ ಕೈಯನ್ನು ಚೀಲದಿಂದ ಮೆಲ್ಲಗೆ ಬಿಡಿಸಿ, ಎರಡೂ ಅಂಗೈಯಲ್ಲಿ ಹಿಡಿದು, ಉಳಿದ ಮಾತನ್ನೂ ಬಿಡದೆ ಮುಗಿಸಿದ್ದ.

ಆ ಕೈಚೀಲ ಈಗ ಅವನ ತೊಡೆಯ ಮೇಲಿತ್ತು. ಅದರೊಳಗೊಂದು ಡಬ್ಬಿ, ಡಬ್ಬಿಯೊಳಗೆ ಒದ್ದೆ ಹತ್ತಿ, ಹತ್ತಿಯ ನಡುವೆ ಅಪ್ಪನ ಹಲ್ಲಿನ ಸೆಟ್ಟು. ಎರಡು ವರ್ಷದ ಓದೆಂದರೆ ಅದೇ. ಅಪ್ಪ ಊರಿನಲ್ಲಿ ಹಲ್ಲು ಕಟ್ಟುವವನು. ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಅವರಿವರ ಬಾಯಿಯ ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ, ಅರೆದು, ಉಜ್ಜಿ, ಮುದುಕರನ್ನು ಮತ್ತೆ ನಗಿಸಿ ಕಳಿಸಿದವನು. ಮಗ ಹೊಸ ರೀತಿಯ ಕೆಲಸ ಕಲಿತು ಬರಲಿ ಎಂದು ಹೊರದೇಶಕ್ಕೆ ಕಳಿಸುವಾಗ ತನ್ನ ಬಾಯಿಯದೇ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಿದ್ದ. ಅವನು ಹೋದ ತಿಂಗಳಿಗೇ ಅಪ್ಪನ ಹಳೆಯ ಸೆಟ್ಟು ಮುಖ ತೊಳೆಯುವಾಗ ಕೈಜಾರಿ ಎರಡು ಹೋಳಾಯಿತು. ಇನ್ನೊಂದು ಮಾಡಿಕೊಳ್ಳಿ ಎಂದರೆ ಒಪ್ಪಲಿಲ್ಲ, ಮಗ ಬಂದು ಕಟ್ಟಲಿ ಎಂದು ಕೂತುಬಿಟ್ಟ. ಅಮ್ಮ ಫೋನಿನಲ್ಲಿ ಪ್ರತಿ ವಾರ ಇದನ್ನೇ ಹೇಳುತ್ತಿದ್ದಳು: "ಊರೋರಿಗೆಲ್ಲ ಹಲ್ಲು ಕಟ್ಟೋರು, ಮನೇಲಿ ನೋಡಿದ್ರೆ ಬೊಚ್ಚುಬಾಯಿ. ಗಿರಾಕಿಗಳು ಬಾಗಿಲಲ್ಲೇ ನಿಂತು ಅನುಮಾನ ಪಡ್ತಾರೆ ಕಣೋ. ಬೇಯಿಸಿದ್ದನ್ನ ಮತ್ತೆ ಹಿಸುಕಿ ಹಿಸುಕಿ ನನ್ನ ಕೈ ಬಿದ್ದುಹೋಯ್ತು." ಹಿಂದಿನಿಂದ ಅಪ್ಪನ ಗಾಳಿ ತುಂಬಿದ ಮಾತು ಕೇಳಿಸುತ್ತಿತ್ತು, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನು ಅವನಿಗೆ," ಎಂದು. ಆಮೇಲೆ ತನ್ನ ಮಾತಿಗೆ ತಾನೇ ನಗುತ್ತಿದ್ದ.

ಸೆಟ್ಟು ಚೆನ್ನಾಗಿ ಬಂದಿತ್ತು, ಅದರಲ್ಲಿ ಅನುಮಾನವಿಲ್ಲ. ಅಪ್ಪನ ಮದುವೆಯ ಕಾಲದ ಫೋಟೋ ನೋಡಿ ಮುಂದಿನ ಎರಡು ಹಲ್ಲಿನ ನಡುವಿನ ಸಂದನ್ನೂ, ಎಡಗಡೆಯದು ಕೊಂಚ ಮುಂದೆ ಬಂದು ಪಕ್ಕದ್ದರ ಮೇಲೆ ಹತ್ತಿದ್ದನ್ನೂ ಅವನು ಇದ್ದ ಹಾಗೇ ಕೂರಿಸಿದ್ದ. ಆದರೆ ಕಾಲೇಜಿನ ನಿಯಮವೊಂದಿತ್ತು: ಪರೀಕ್ಷೆಯ ಸೆಟ್ಟನ್ನು ಮೂರು ತಿಂಗಳಿಗಿಂತ ಹಳೆಯ ಅಚ್ಚಿನ ಮೇಲೆ ಕಟ್ಟಕೂಡದು. ಹಲ್ಲಿಲ್ಲದ ಬಾಯಿಯ ವಸಡು ಇಳಿಯುತ್ತ ಹೋಗುತ್ತದೆ. ಇದು ಮೊದಲ ವಾರವೇ ಹೇಳಿಕೊಡುವ ಪಾಠ. ಜೊತೆಯವರೆಲ್ಲ ಹತ್ತಿರದ ಮುದುಕ ಮುದುಕಿಯರನ್ನು ಹಿಡಿದು ತಂದು ಅಚ್ಚು ತೆಗೆದಿದ್ದರು. ಮೇಷ್ಟ್ರು ಅವನ ಅಚ್ಚನ್ನು ಬೆರಳ ಗಂಟಿನಿಂದ ಎರಡು ಸಲ ತಟ್ಟಿ, "ಯಾವಾಗ ತೆಗೆದದ್ದು?" ಎಂದಿದ್ದರು. "ಹೋದ ತಿಂಗಳು, ಅಪ್ಪ ಅಂಚೆಯಲ್ಲಿ ಕಳಿಸಿದರು," ಎಂದು ಅವನ ಬಾಯಿಂದ ಬಂತು, ಎಷ್ಟು ಸಲೀಸಾಗಿ ಎಂದರೆ ಅಂಚೆಚೀಟಿಯ ಬಣ್ಣ ಕೇಳಿದ್ದರೂ ಹೇಳುತ್ತಿದ್ದ. ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿ "ಸರಿ" ಎಂದರು. ಪಾಸಾದ. ಅಷ್ಟೇ ಅಲ್ಲ, ಮೇಷ್ಟ್ರು ತಮ್ಮ ಸ್ವಂತ ಹಲ್ಲಿನ ಕಾರ್ಖಾನೆಯಲ್ಲಿ ಅವನಿಗೊಂದು ಕೆಲಸದ ಮೇಜು ಕೊಡುವುದಾಗಿಯೂ, ಒಂದು ತಿಂಗಳಲ್ಲಿ ತಿಳಿಸಬೇಕೆಂದೂ ಹೇಳಿದರು. "ನಿಮ್ಮ ತಂದೆಗೆ ಸೆಟ್ಟು ಹೇಗೆ ಕೂತಿತು ಅಂತಲೂ ಬರಿ," ಎಂದು ಸೇರಿಸಿದರು. ಅಂದಿನಿಂದ ಅವನ ಮನಸ್ಸಿನಲ್ಲಿ ಒಂದು ಒಳಒಪ್ಪಂದ ನಡೆದಿತ್ತು: ಹಲ್ಲು ಕೂತುಬಿಟ್ಟರೆ ಅಪ್ಪ ಉಣ್ಣುತ್ತಾನೆ, ನಗುತ್ತಾನೆ, ತಾನು ಆಮೇಲೆ ಮೆಲ್ಲಗೆ ವಿಷಯ ತೆಗೆದು ಇಲ್ಲಿಗೇ ವಾಪಸಾಗಬಹುದು. ಕೂರದಿದ್ದರೆ ಯಾವ ಬಾಯಿಂದ ಕೇಳುವುದು? ಹಾಗೆ ನೋಡಿದರೆ ಅಜ್ಜಿಯ ಮುಂದೆ ಅಷ್ಟೆಲ್ಲ ಹೇಳಿದ್ದೂ ಪೂರ್ತಿ ನ್ಯಾಯವಲ್ಲ. ಒಂದು ತಿಂಗಳಲ್ಲಿ ಬರಬಹುದಾದವನು ಸಾಯುವವರೆಗೂ ಮರೆಯುವುದಿಲ್ಲ ಎಂದದ್ದು ಸ್ವಲ್ಪ ಜಾಸ್ತಿಯೇ ಆಯಿತು.

ವಿಮಾನವಿದ್ದದ್ದು ಮಧ್ಯಾಹ್ನ ಮೂರಕ್ಕೆ. ಅವನು ನಿಲ್ದಾಣ ತಲುಪಿದ್ದು ಎಂಟೂವರೆಗೆ. ಬಸ್ಸು ಹತ್ತು ಗಂಟೆಗಿದ್ದರೆ ಏಳಕ್ಕೇ ಹೋಗಿ ಗಂಟಿನ ಮೇಲೆ ಕೂರುವ ವಂಶ ಅವನದು. ದೊಡ್ಡ ಪೆಟ್ಟಿಗೆ ಕೊಟ್ಟಾಯಿತು, ತಪಾಸಣೆಯ ಸಾಲಿನಲ್ಲಿ ನಿಂತದ್ದಾಯಿತು. ಯಂತ್ರದ ಪರದೆಯ ಮುಂದೆ ಕೂತಿದ್ದ ಸಿಬ್ಬಂದಿಯವನು ಕುರ್ಚಿಯಲ್ಲಿ ನೆಟ್ಟಗಾದ.

"ಇದರೊಳಗೆ ಏನಿದೆ?"

"ನಮ್ಮಪ್ಪನ ಹಲ್ಲು," ಎಂದ ಅವನು, ಹಿಂದಿನವರಿಗೂ ಕೇಳಲಿ ಎನ್ನುವಷ್ಟು ಜೋರಾಗಿ.

ಸಿಬ್ಬಂದಿಯವನು ಕೈಗವಸು ಹಾಕಿ ಮುಚ್ಚಳ ತೆಗೆದ. ಮಗ ಪದಕ ತೋರಿಸುವವನ ಹಾಗೆ ತಾನೂ ಬಗ್ಗಿ ನೋಡಿದ. ಮುಂದಿನ ಹಲ್ಲುಗಳ ನಡುವೆ ಸಂದಿರಲಿಲ್ಲ. ಸಣ್ಣ, ಕಿರಿದಾದ ಕಮಾನು. ಮೇಲೆ ಎಡಗಡೆಯ ಹಲ್ಲಿನ ಮೂಲೆ ಚೂರು ಹಾರಿಹೋಗಿತ್ತು. ಎರಡು ವರ್ಷ ಪ್ರತಿ ಬೆಳಗ್ಗೆ ತಿಂಡಿಯ ಮೇಜಿನಾಚೆ ಅವನು ಕಂಡಿದ್ದ ಮೂಲೆ ಅದು.

"ಇದು ನಮ್ಮಪ್ಪಂದಲ್ಲ."

"ಈಗ ತಾನೇ ನಿಮ್ಮಪ್ಪಂದು ಅಂದ್ರಿ."

"ಅಂದೆ. ಇದು ಒಬ್ಬರು ಅಜ್ಜೀದು."

"ಅಜ್ಜಿ ಎಲ್ಲಿದ್ದಾರೆ?"

"ಮನೇಲಿ."

"ಹಲ್ಲು ಬಿಟ್ಟು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ತಾನಾಗಿಯೇ ತನ್ನ ಬಾಯಿಗೆ ಹೋಯಿತು. ಆ ಕ್ಷಣ ಬೆಳಗಿನದೆಲ್ಲ ಮತ್ತೆ ಕಣ್ಣ ಮುಂದೆ ನಡೆಯಿತು, ಈ ಸಲ ಸರಿಯಾದ ಅರ್ಥದೊಂದಿಗೆ. ಸೆಟ್ಟು ಒಣಗಿದರೆ ಸೊಟ್ಟಗಾಗುತ್ತದೆಂದು ಅವನು ಪರೀಕ್ಷೆಯಾದ ಮೇಲೆ ಅಪ್ಪನದನ್ನು ಅಡುಗೆಮನೆಯ ಕಿಟಕಿಯಲ್ಲಿ ನೀರು ತುಂಬಿದ ಲೋಟದಲ್ಲಿಟ್ಟಿದ್ದ, ಅಜ್ಜಿ ಮಲಗುವ ಮುಂಚೆ ತನ್ನದನ್ನು ಇಡುತ್ತಿದ್ದ ಲೋಟದ ಪಕ್ಕದಲ್ಲೇ. ಎರಡೂ ಒಂದೇ ಜೊತೆಯ ಲೋಟ. ಬೆಳಗ್ಗೆ ಟ್ಯಾಕ್ಸಿ ಹಾರ್ನ್ ಬಾರಿಸಿದಾಗ ವಿದಾಯದ ಮಾತಿನ ಮೂರನೇ ವಾಕ್ಯ ನೆನಪು ಮಾಡಿಕೊಳ್ಳುತ್ತ, ನೋಡದೆ, ಕೈಗೆ ಸಿಕ್ಕ ಲೋಟವನ್ನು ಡಬ್ಬಿಗೆ ಬಗ್ಗಿಸಿದ್ದ. ಎರಡು ವರ್ಷ ಹಲ್ಲು ನೋಡುವುದನ್ನೇ ಕಲಿತವನು! ಅಜ್ಜಿ ಅತ್ತಿರಲಿಲ್ಲ. ತೊಟ್ಟಿಯ ಕೆಳಗೆ ದುಃಖವನ್ನು ಹುಡುಕಿರಲಿಲ್ಲ. ಅವಳು ರಸ್ತೆಗೆ ಓಡಿಬಂದದ್ದು ಹಲ್ಲಿನ ಹಿಂದೆ, ಅವನು ಅವಳಿಗೆ ಪ್ರೀತಿಯಿಂದ ಕೈ ಬೀಸಿದ್ದ.

ಮೇಲಧಿಕಾರಿಯೊಬ್ಬಳನ್ನು ಕರೆಸಿದರು. ಅವಳು ಡಬ್ಬಿಯನ್ನೂ ಅವನನ್ನೂ ನೋಡಿ, ಕತೆ ಪೂರ್ತಿ ಕೇಳಿ, ಮುಖದ ಗೆರೆ ಅಲ್ಲಾಡಿಸದೆ, "ವಿಮಾನ ಮೂರಕ್ಕೆ. ಇಷ್ಟು ಬೇಗ ಯಾಕೆ ಬಂದ್ರಿ?" ಎಂದಳು.

"ನಮ್ಮ ಮನೇಲಿ ಹಾಗೇ."

"ಒಳ್ಳೇದಾಯ್ತು. ಓಡಿ. ನಮ್ಮಮ್ಮನಿಗೂ ಕಟ್ಟಿಸಿದ ಹಲ್ಲೇ ಇರೋದು. ಅದಿಲ್ಲದೆ ಅವರು ಬಾಗಿಲಿಗೂ ಬರಲ್ಲ."

ಬಸ್ಸಿನಲ್ಲಿ ನಿಂತು ಹೋಗುವಾಗ ಈ ಕೊನೆಯ ಮಾತೇ ಅವನನ್ನು ಕೊರೆಯತೊಡಗಿತು. ಅದಿಲ್ಲದೆ ಬಾಗಿಲಿಗೂ ಬರದವರು. ಈ ಅಜ್ಜಿ ಇಡೀ ರಸ್ತೆಗೆ ಬಂದಿದ್ದಳು, ಹಾಲಿನವನು, ಪಕ್ಕದ ಮನೆಯವರು, ಎಲ್ಲರ ಎದುರಿಗೆ. ಡಬ್ಬಿ ತೆರೆದು ಅವನು ಸೆಟ್ಟನ್ನು ಈ ಸಲ ನಿಜವಾಗಿ ನೋಡಿದ. ಒಳಬದಿ ಸವೆದು ನುಣ್ಣಗಾಗಿತ್ತು, ಹಿಡಿತವೇ ಉಳಿದಿರಲಿಲ್ಲ. ತಿಂಡಿ ತಿನ್ನುವಾಗ ಅಜ್ಜಿಯ ಬಾಯಿಂದ ಬರುತ್ತಿದ್ದ ಟಕ್ ಟಕ್ ಸದ್ದನ್ನು ಅವನು ಗಡಿಯಾರದ ಸದ್ದಿನ ಹಾಗೆ ಕೇಳಿಸಿಕೊಂಡೇ ಇದ್ದ. ಕೆಲವು ಸಲ ಅದರಿಂದ ರೇಗಿ ತಟ್ಟೆ ಎತ್ತಿಕೊಂಡು ಕೋಣೆಗೂ ಹೋಗಿದ್ದ. ಗಚ್ಚಿನ ಅಚ್ಚಿನಲ್ಲಿದ್ದ ಅಪ್ಪನಿಗೆ ಹಲ್ಲು ಕಟ್ಟುತ್ತ ಕೂತವನಿಗೆ ಎದುರಿಗಿದ್ದ ಜೀವಂತ ಬಾಯಿ ಕಂಡಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ ಅಂಗೈಯಲ್ಲಿದ್ದ ಹಲ್ಲನ್ನು ಕಂಡು ಎದ್ದು ಬೇರೆ ಸೀಟಿಗೆ ಹೋದಳು, ಅವನು ಆ ಜಾಗದಲ್ಲಿ ಕೂತ.

ಅಜ್ಜಿಯ ಮನೆಯ ಬಾಗಿಲು ತಟ್ಟಿದ. ಚಪ್ಪಲಿಯ ಸದ್ದು ಹತ್ತಿರ ಬಂತು. ಬಾಗಿಲು ತೆರೆಯಿತು, ಎದುರಿಗೆ ಅಪ್ಪ ನಗುತ್ತಿದ್ದ.

ಅದೇ ಸಂದು, ಎಡಗಡೆ ಪಕ್ಕದ್ದರ ಮೇಲೆ ಹತ್ತಿದ ಅದೇ ಹಲ್ಲು, ಚಿಕ್ಕವನಿದ್ದಾಗ ಸೈಕಲ್ಲಿನ ಮುಂದಿನ ಸರಳಿನ ಮೇಲೆ ಕೂತು ತಲೆಯೆತ್ತಿದರೆ ಮೇಲೆ ಕಾಣುತ್ತಿದ್ದ ಅದೇ ನಗು. ಅದು ಅಜ್ಜಿಯ ಮುಖದಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಅವನಿಗೆ ಅಳು ಒತ್ತರಿಸಿ ಬಂದಿತ್ತು. ಅಪ್ಪನನ್ನು ನೋಡಬೇಕು ಅನ್ನಿಸಿತು, ಇನ್ನೇನೂ ಬೇಡ ಅನ್ನಿಸಿತು. ಈ ಅಳುವಿಗೆ ಯಾವ ತಯಾರಿಯೂ ಆಗಿರಲಿಲ್ಲ. ಮೂಗು ಸೋರಿತು, ಕರವಸ್ತ್ರ ದೊಡ್ಡ ಪೆಟ್ಟಿಗೆಯಲ್ಲಿ ಹೋಗಿಯಾಗಿತ್ತು.

"ಬಾ ಕಳ್ಳ," ಎಂದಳು ಅಜ್ಜಿ, ಮೇಲಿನ ಸೆಟ್ಟು ಬೀಳದ ಹಾಗೆ ನಾಲಗೆಯಿಂದ ಒತ್ತಿ ಹಿಡಿದು. "ಹಾಕ್ಕೊಂಡಿದ್ದೀನಿ, ಬೈಬೇಡ. ವಿಮಾನ ನಿಲ್ದಾಣಕ್ಕೆ ಫೋನ್ ಮಾಡ್ದೆ. ಹಲ್ಲಿಲ್ಲದೆ ಮಾತಾಡಿದ್ರೆ ಕುಡಿದಿದ್ದಾಳೆ ಅಂತ ಫೋನ್ ಇಟ್ಟುಬಿಟ್ರು. ಆಮೇಲೆ ಇದನ್ನ ಹಾಕ್ಕೊಂಡು, ನನ್ನ ಹಲ್ಲು ಕಳುವಾಗಿದೆ ಅಂದೆ. ಮತ್ತೆ ಯಾವ ಹಲ್ಲಲ್ಲಿ ಮಾತಾಡ್ತಿದ್ದೀರಿ ಅಂದ್ರು. ಇನ್ನೊಬ್ಬರದು ಅಂದೆ. ಆಗಲೂ ಇಟ್ಟುಬಿಟ್ರು."

ಅವಳು ಡಬ್ಬಿ ಇಸಿದುಕೊಂಡು ಅಡುಗೆಮನೆಗೆ ಹೋಗಿ, ತೊಟ್ಟಿಯ ಕಡೆ ತಿರುಗಿ, ಅವನಿಗೆ ಬೆನ್ನು ಮಾಡಿ, ತನ್ನದನ್ನು ಹಾಕಿಕೊಂಡಳು. ಅಪ್ಪನದನ್ನು ಸೋಪು ಹಚ್ಚಿ ಮೂರು ಸಲ ತೊಳೆದು, ಅವನ ಕಣ್ಣ ಮುಂದೆ ಹಿಡಿದು, "ನೋಡು. ಸರಿಯಾಗಿ ನೋಡು. ನಿಮ್ಮಪ್ಪಂದೇನಾ?" ಎಂದಳು. ಅವನು ನೋಡಿ ಹೌದೆಂದ. ಡಬ್ಬಿಗೆ ಹಾಕಿದಳು.

"ಬೆಳಗ್ಗೆ ಏನೋ ಉದ್ದಕ್ಕೆ ಹೇಳ್ತಿದ್ದೆ. ನನಗೆ ಹಲ್ಲಿನ ಚಿಂತೆ, ಒಂದೂ ತಲೆಗೆ ಹೋಗಲಿಲ್ಲ. ಈಗ ಹೇಳು."

ಅವನು ಬಾಯಿ ತೆರೆದ. ನಾಲ್ಕು ಸಲ ಹೇಳಿ ನೋಡಿಕೊಂಡ ಮಾತು ಒಂದೂ ಉಳಿದಿರಲಿಲ್ಲ. "ಏನಿಲ್ಲ. ಆ ಕೋಣೆ ಕಿಟಕಿ ಸರಿಯಾಗಿ ಮುಚ್ಚಲ್ಲ, ಅದನ್ನ ಹೇಳ್ತಿದ್ದೆ," ಎಂದ. ಆಮೇಲೆ, "ನಿಮ್ಮ ಸೆಟ್ಟು ಸಡಿಲವಾಗಿದೆ. ಎಷ್ಟು ದಿನ ಆಯ್ತು?"

"ಏಳೆಂಟು ವರ್ಷ."

"ಹೇಳಲೇ ಇಲ್ಲ ನೀವು."

"ಕೇಳಲೇ ಇಲ್ಲ ನೀನು. ಅಪ್ಪನ ಹಲ್ಲಿನ ಕೆಲಸದಲ್ಲಿದ್ದೆ, ನಡುವೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ." ಅವಳ ದನಿಯಲ್ಲಿ ದೂರು ಇರಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. "ನಿನ್ನ ಕೋಣೆ ಒಂದು ತಿಂಗಳು ಖಾಲಿ ಇಟ್ಟಿರ್ತೀನಿ. ಮೊನ್ನೆ ಪೇಟೆಯಲ್ಲಿ ಸಿಕ್ಕಿದ್ದ ನಿಮ್ಮ ಮೇಷ್ಟ್ರು ಕೆಲಸದ ವಿಷಯ ಎಲ್ಲ ಹೇಳಿದ್ರು. ಮನೇಲಿ ಹೇಳಿದ್ದೀಯಾ?"

"ಹೋದ ಮೇಲೆ ಹೇಳ್ತೀನಿ."

"ಹಲ್ಲು ಕೂತ ಮೇಲೆ?"

ಅವನು ಇಂಗು ತಿಂದ ಮಂಗನ ಹಾಗೆ ಡಬ್ಬಿಯನ್ನು ಕೈಚೀಲಕ್ಕೆ ತುರುಕಿದ. ಅಜ್ಜಿ ಅವನ ಕೋಟಿನ ಕಾಲರನ್ನು ಸರಿಮಾಡಿ, "ನಡಿ, ಬಸ್ಸು ತಪ್ಪುತ್ತೆ," ಎಂದಳು. ಈ ಸಲ ಅವಳು ರಸ್ತೆಗೆ ಬರಲಿಲ್ಲ. ತಿರುವಿನಲ್ಲಿ ಅವನು ಹಿಂತಿರುಗಿ ನೋಡಿದಾಗ ಬಾಗಿಲು ಮುಚ್ಚಿತ್ತು, ಕಿಟಕಿಯಲ್ಲಿ ಎರಡೂ ಲೋಟ ಬೋರಲಾಗಿದ್ದವು.

ಊರಿನ ನಿಲ್ದಾಣದಲ್ಲಿ ಅಪ್ಪ ಅಮ್ಮ ನಾಲ್ಕು ಗಂಟೆ ಮುಂಚೆಯೇ ಬಂದು ನಿಂತಿದ್ದರು. ಅಪ್ಪ ತುಟಿ ಬಿಗಿಹಿಡಿದು ನಕ್ಕ. ಕೆನ್ನೆ ಒಳಗೆ ಹೋಗಿತ್ತು, ಮೂಗೂ ಗಲ್ಲವೂ ಒಂದನ್ನೊಂದು ಮುಟ್ಟಲು ಹೊರಟಂತಿದ್ದವು. ಆ ಮುಖ ಕಂಡ ಕೂಡಲೇ ಸೆಟ್ಟು ಕೂರುವುದಿಲ್ಲವೆಂದು ಅವನೊಳಗಿನ ಕಸುಬುಗಾರನಿಗೆ ಗೊತ್ತಾಗಿಹೋಯಿತು, ಮಗನಾದವನು ಮಾತ್ರ ಮನೆ ಮುಟ್ಟುವವರೆಗೂ ಒಪ್ಪಲಿಲ್ಲ. ಮುಂದಿನ ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ: ಗಿರಾಕಿಗಳ ಕುರ್ಚಿ, ಕತ್ತು ಬಗ್ಗಿಸಿದ ದೀಪ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನ ಮುದುಕರ ಬಾಯಿಗಳು. ಅಮ್ಮ ನೀರು ತರಲು ಒಳಗೆ ಹೋದಳು. ಅವನು ಡಬ್ಬಿ ಕೊಟ್ಟ.

ಅಪ್ಪ ಅವಸರ ಮಾಡಲಿಲ್ಲ. ದೀಪ ಹಾಕಿ, ಸೆಟ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಸಂದನ್ನು ಕಂಡು ಹುಬ್ಬು ಮೇಲೆ ಹೋಯಿತು. ಬಾಯಿಗೆ ಹಾಕಿಕೊಂಡ. ಕೂರು, ಕೂರು ಎಂದು ಅವನು ಮನಸ್ಸಿನಲ್ಲೇ ಕಾಲಿಗೆ ಬಿದ್ದ, ಅಪ್ಪನ ಬಾಯಿಗೋ ದೇವರಿಗೋ ತಿಳಿಯದೆ. ಅಪ್ಪ "ಚೆನ್ನಾಗಿ" ಎನ್ನಲು ಹೊರಟ. "ಚೆ"ಗೇ ಮೇಲಿನದು ಕಳಚಿ ಕೆಳಗಿನದರ ಮೇಲೆ ಟಕ್ಕೆಂದು ಬಿತ್ತು. ಅದೇ ಸದ್ದು. ಎರಡು ವರ್ಷ ತಿಂಡಿಯ ಮೇಜಿನಲ್ಲಿ ಕೇಳಿದ್ದ ಸದ್ದು ಅವನಿಗಿಂತ ಮುಂಚೆ ಮನೆಗೆ ಬಂದು ಕೂತಿತ್ತು.

ಅಪ್ಪ ಸೆಟ್ಟನ್ನು ಅಂಗೈಗೆ ತೆಗೆದುಕೊಂಡ. "ಕೆಲಸ ಚೆನ್ನಾಗಿದೆ. ನನಗಿಂತ ಚೆನ್ನಾಗಿ ಮಾಡಿದ್ದೀಯ."

"ಕೂರಲಿಲ್ಲವಲ್ಲ ಅಪ್ಪ. ವಸಡು ಇಳಿದಿದೆ."

"ಇಳೀದೆ ಇರುತ್ತಾ? ಎರಡು ವರ್ಷ ಆಯ್ತು."

"ನಿಮಗೆ ಗೊತ್ತಿತ್ತಾ?"

"ನಲವತ್ತು ವರ್ಷದಿಂದ ಇಲ್ಲಿ ಕೂತು ಏನು ಮಾಡ್ತಿದ್ದೀನಿ, ಕಡಲೆಕಾಯಿ ಮಾರ್ತಿದ್ದೀನಾ?"

"ಮತ್ತೆ ಆ ಅಚ್ಚು ಯಾಕೆ ಕೊಟ್ರಿ?"

ಅಪ್ಪ ಸೆಟ್ಟನ್ನು ಒರೆಸಿ ಡಬ್ಬಿಗಿಟ್ಟು ಮುಚ್ಚಳ ಹಾಕಿದ. "ಬೇರೆಯವರ ಅಪ್ಪಂದಿರು ಫೋಟೋ ಕೊಟ್ಟು ಕಳಿಸ್ತಾರೆ," ಎಂದ. "ನನ್ನ ಫೋಟೋ ಚೆನ್ನಾಗಿ ಬರಲ್ಲ. ನಿನ್ನ ಮೇಜಿನ ಮೇಲೆ ಏನಾದ್ರೂ ಇರಲಿ ಅಂತ ಕೊಟ್ಟೆ." ಇಷ್ಟು ಹೇಳಿ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಕತ್ತಿಗೆ ತಾನೇ ಬಟ್ಟೆ ಕಟ್ಟಿಕೊಂಡು, "ಹೂಂ, ಅಚ್ಚು ತೆಗಿ," ಎಂದ.

ನೀರು ತಂದ ಅಮ್ಮ ಬಾಗಿಲಲ್ಲೇ ನಿಂತಳು. "ಬಂದವನು ಕಾಲು ತೊಳೀಲಿಲ್ಲ, ಆಗಲೇ ಕೆಲಸಕ್ಕೆ ಹಚ್ಚಿದ್ರಾ?"

"ಎರಡು ವರ್ಷ ಕಾದಿದ್ದೀನಿ ಕಣೇ. ಇನ್ನು ಒಂದು ಊಟ ನೀನೇ ಹಿಸುಕು."

ಅಮ್ಮ ಗೊಣಗುತ್ತ ಒಳಗೆ ಹೋದಳು. ಅವನು ಕೈ ತೊಳೆದು, ಪುಡಿಗೆ ನೀರು ಬೆರೆಸಿ ಕಲಸಿ, ಅಚ್ಚು ತೆಗೆಯುವ ಪುಟ್ಟ ತಟ್ಟೆಗೆ ತುಂಬಿ, ಅಪ್ಪನ ತುಟಿಯನ್ನು ಬೆರಳಿನಿಂದ ಸರಿಸಿ ಮೇಲಕ್ಕೆ ಒತ್ತಿದ. ಗಟ್ಟಿಯಾಗಲು ಮೂರು ನಿಮಿಷ. ಅಪ್ಪನ ಮುಖ ಇಷ್ಟು ಹತ್ತಿರ ಯಾವಾಗ ಬಂದಿತ್ತೋ ನೆನಪಿಲ್ಲ; ಮೂಗಿನ ಉಸಿರು ಅವನ ಮಣಿಕಟ್ಟಿಗೆ ಬಿಸಿಯಾಗಿ ತಾಗುತ್ತಿತ್ತು. ಹುಬ್ಬಿನಲ್ಲಿ ನರೆತ ಕೂದಲು ಹೆಚ್ಚಿದ್ದವು. ಅವನ ಬೆರಳ ಕೆಳಗೆ ವಸಡು ಎಷ್ಟು ತೆಳ್ಳಗಾಗಿತ್ತೆಂದರೆ ಒತ್ತಲು ಭಯವಾಯಿತು. ತನ್ನನ್ನು ನೋಡುತ್ತಿದ್ದ ಆ ಎರಡು ಕಣ್ಣಿಗೆ, ಉತ್ತರ ಕೊಡಲಾಗದ ಆ ಬಾಯಿಗೆ, ಅವನು ಇದ್ದಕ್ಕಿದ್ದಂತೆ ಹೇಳತೊಡಗಿದ.

"ಅಚ್ಚು ಹೊಸದು ಅಂತ ಮೇಷ್ಟ್ರಿಗೆ ಸುಳ್ಳು ಹೇಳಿದೆ ಅಪ್ಪ. ಆ ಸುಳ್ಳಿನ ಮೇಲೇ ಪಾಸಾದೆ. ಅವರಿಗೂ ಗೊತ್ತಿತ್ತು ಅನ್ಸುತ್ತೆ. ಮನೆ ಅಜ್ಜಿ ಹಲ್ಲು ಎರಡು ವರ್ಷ ಎದುರಿಗೇ ಅಲ್ಲಾಡ್ತಿತ್ತು, ಒಂದು ದಿನ ಸರಿಮಾಡಿ ಕೊಡಲಿಲ್ಲ. ಹೊರಡುವಾಗ ಅವರ ಹಲ್ಲನ್ನೇ ಹಾಕ್ಕೊಂಡು ಬಂದುಬಿಟ್ಟೆ, ಮತ್ತೆ ವಾಪಸ್ ಹೋಗಿ ಬದಲಾಯಿಸ್ಕೊಂಡೆ. ಅಷ್ಟೊತ್ತಿಗೆ ಅವರು ನಿಮ್ಮದನ್ನ ಹಾಕ್ಕೊಂಡಿದ್ರು." ಅಪ್ಪನ ಕಣ್ಣು ದೊಡ್ಡವಾದವು. "ತೊಳೆದಿದ್ದಾರೆ. ಮೂರು ಸಲ." ಅಪ್ಪನ ಹೊಟ್ಟೆ ಕುಲುಕತೊಡಗಿತು, ಕಣ್ಣಂಚಿನಿಂದ ನೀರಿಳಿಯಿತು, ಮೂಗಿನಿಂದ ಹುಂ ಹುಂ ಎಂಬ ಸದ್ದು ಬಂತು. "ಅಲ್ಲಾಡಬೇಡಿ, ಅಚ್ಚು ಕೆಡುತ್ತೆ," ಎಂದು ಅವನು ದವಡೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದ.

ಮೂರು ನಿಮಿಷವಾಯಿತು. ತಟ್ಟೆ ಚಪ್ಪೆಂದು ಬಿಟ್ಟುಕೊಂಡಿತು. ಅಪ್ಪ ಉಗಿದು, ಬಾಯಿ ಮುಕ್ಕಳಿಸಿ, ಕಣ್ಣೊರೆಸಿಕೊಂಡು, ಅಚ್ಚನ್ನು ಮಗನ ಕೈಯಿಂದ ಕಿತ್ತುಕೊಂಡು ದೀಪದ ಕೆಳಗೆ ಹಿಡಿದ. ಒಂದೊಂದು ಅಂಚನ್ನೂ ನೋಡಿದ. ಎಲ್ಲೂ ಗುಳ್ಳೆ ಬಿದ್ದಿರಲಿಲ್ಲ.

"ಮೇಲಿನದಾಯ್ತು," ಎಂದ, ಮತ್ತೆ ತಲೆಯನ್ನು ಕುರ್ಚಿಗೆ ಒರಗಿಸಿ. "ಕೆಳಗಿನದಕ್ಕೂ ಮೂರು ನಿಮಿಷ ಬೇಕು. ಹೇಳೋದು ಇನ್ನೇನಾದ್ರೂ ಉಳಿದಿದೆಯಾ?"

ಅವನು ಬಟ್ಟಲಿಗೆ ಪುಡಿ ಹಾಕಿದ, ನೀರು ಸುರಿದ.

"ಇದೆ ಅಪ್ಪ," ಎಂದ. "ಬಾಯಿ ತೆಗೀರಿ."